ಎಜುಟೆಕ್ ಸಮ್ಮೇಳನದ ಮಳಿಗೆಗಳಲ್ಲಿ ವಿಶೇಷ ಶಿಕ್ಷಕರು ಏನನ್ನು ಪರೀಕ್ಷಿಸಿ ನೋಡಬೇಕು?

ಸಂಪನ್ಮೂಲ_ಕೊಠಡಿ

ಶಾಲೆಯ ಪರವಾಗಿ ಎರಡು ದಿನದ ಎಜುಟೆಕ್ ಸಮ್ಮೇಳನಕ್ಕೆ ಹೋಗಬೇಕಿದೆ. ವಿಶೇಷ ಶಿಕ್ಷಣಕ್ಕೆಂದೇ ನಡೆಯುವುದಲ್ಲ, ಎಲ್ಲ ಶಿಕ್ಷಕರಿಗೂ ಸೇರಿದ್ದು. ವೇಳಾಪಟ್ಟಿ ತೆರೆದರೆ ಎಐ, ಡ್ಯಾಶ್‌ಬೋರ್ಡ್, ಗೇಮಿಫಿಕೇಶನ್ ಇವೇ ತುಂಬಿವೆ; ನಮ್ಮ ಮಕ್ಕಳ ಬಗ್ಗೆ ಇರುವ ಗೋಷ್ಠಿಗಳು ಎರಡೋ ಮೂರೋ. ಮಳಿಗೆಗಳು ಮಾತ್ರ ಸಾಲುಸಾಲು.

ತರಗತಿಯಲ್ಲಿ ಮಾತು ಬಾರದ ಇಬ್ಬರಿದ್ದಾರೆ, ಸದ್ಯ ಕಾಗದದ ಚಿತ್ರಪಟ ಮುಟ್ಟಿ ತೋರಿಸುತ್ತಾರೆ. ಸೆರೆಬ್ರಲ್ ಪಾಲ್ಸಿ ಇರುವ ಹುಡುಗನೊಬ್ಬ ತಲೆಯ ಪಕ್ಕದಲ್ಲಿಟ್ಟ ಒಂದೇ ಸ್ವಿಚ್ಚಿನಿಂದ ಟ್ಯಾಬ್ಲೆಟ್ ನಡೆಸುತ್ತಾನೆ. ಒಬ್ಬ ಹುಡುಗಿಗೆ ಮಂದದೃಷ್ಟಿ. ಡಿಸ್ಲೆಕ್ಸಿಯಾ (ಓದು ಬರಹದ ಕಲಿಕೆಯ ತೊಂದರೆ) ಇರುವವರು ಮೂವರು. ವಾಪಸ್ ಬಂದ ಮೇಲೆ ಏನೇನು ಕೊಳ್ಳಬಹುದು ಅಂತ ವರದಿ ಕೊಡಬೇಕು.

ಡೆಮೊದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಅದೇ ತೊಂದರೆ. ಮಳಿಗೆಯಲ್ಲಿ ಸಿಗುವ ಹತ್ತು ನಿಮಿಷದಲ್ಲಿ ಒಂದು ಆ್ಯಪ್ ಅಥವಾ ಉಪಕರಣ ಈ ಮಕ್ಕಳಿಗೆ ಒಗ್ಗುತ್ತದೋ ಇಲ್ಲವೋ ತಿಳಿಯುವುದು ಹೇಗೆ? ಹೋಗುವ ಮೊದಲು ಏನು ತಯಾರಿ ಬೇಕು?

ಸ್ವಿಚ್ಚು_ಬಟನ್

ಮೇಡಂ, ಮಳಿಗೆಗಳ ಪಟ್ಟಿ ಆಮೇಲೆ. ಮೊದಲು ಒಂದೊಂದು ಮಗುವಿಗೆ ಅರ್ಧ ಪುಟ ಬರೆದುಕೊಳ್ಳಿ. ಮಗುವಿಗೆ ತಕ್ಕ ಸಾಧನ ಆರಿಸಲು ಜಾಯ್ ಝಬಾಲಾ ರೂಪಿಸಿದ ‘ಸೆಟ್’ ಚೌಕಟ್ಟು ನಿಮಗೆ ಗೊತ್ತಿರುತ್ತದೆ: ವಿದ್ಯಾರ್ಥಿ, ಪರಿಸರ, ಕೆಲಸ, ಕೊನೆಗೆ ಸಾಧನ. ಸಮ್ಮೇಳನದಲ್ಲಿ ಈ ಕ್ರಮವೇ ತಲೆಕೆಳಗಾಗಿ, ಕಣ್ಣಿಗೆ ಮೊದಲು ಬೀಳುವುದು ಸಾಧನ. ಆದ್ದರಿಂದ ಮೊದಲ ಮೂರನ್ನು ಬರೆದುಕೊಂಡೇ ಹೋಗಬೇಕು. ‘ಸಂವಹನ ಸುಧಾರಿಸಬೇಕು’ ಅಂತ ಬರೆದರೆ ಪ್ರಯೋಜನವಿಲ್ಲ. ‘ಗುಂಪು ಚಟುವಟಿಕೆಯಲ್ಲಿ ತನ್ನ ಸರದಿ ಬಂದಾಗ ಎರಡು ಉತ್ತರಗಳಲ್ಲಿ ಒಂದನ್ನು ತಾನೇ ಆರಿಸಬೇಕು’ ಅಂತ ಬರೆದಿದ್ದರೆ ಮಳಿಗೆಯವರಿಗೆ ಅದನ್ನೇ ಮಾಡಿ ತೋರಿಸಿ ಅನ್ನಬಹುದು.

ಚೀಲದಲ್ಲಿ ಇರಬೇಕಾದ್ದು: ಹುಡುಗ ಬಳಸುವಂಥದ್ದೇ ಸ್ವಿಚ್ಚು (ಸಾಮಾನ್ಯವಾಗಿ 3.5 ಮಿ.ಮೀ. ಪ್ಲಗ್ ಇರುತ್ತದೆ), ಅದನ್ನು ಟ್ಯಾಬ್ಲೆಟ್‌ಗೆ ಜೋಡಿಸುವ ಬ್ಲೂಟೂತ್ ಅಥವಾ ಯುಎಸ್‌ಬಿ ಇಂಟರ್‌ಫೇಸ್, ತಂತಿಯ ಇಯರ್‌ಫೋನ್, ಒಂದು ಪಾರದರ್ಶಕ ಸ್ಕೇಲು. ಮಳಿಗೆ ಗದ್ದಲದಲ್ಲಿ ಇಯರ್‌ಫೋನ್ ಇಲ್ಲದೆ ಧ್ವನಿಯ ಗುಣಮಟ್ಟ ತಿಳಿಯುವುದಿಲ್ಲ. ಸ್ಕೇಲು ಬಟನ್ನಿನ ಅಳತೆಗೆ. ಮಗುವಿನ ಬೆರಳು ಗುರಿಯ ಸುತ್ತ 3 ಸೆಂ.ಮೀ. ಅಲೆಯುತ್ತದೆ ಅಂದರೆ 1.5 ಸೆಂ.ಮೀ. ಬಟನ್ನಿನ ಆ್ಯಪ್ ಎಷ್ಟೇ ಚಂದವಿದ್ದರೂ ಪಕ್ಕಕ್ಕಿಡಿ.

ಸ್ವಿಚ್ಚಿನ ಪರೀಕ್ಷೆ ಹೀಗೆ. ಆ್ಯಂಡ್ರಾಯ್ಡ್‌ನಲ್ಲಿ ಸ್ವಿಚ್ ಆ್ಯಕ್ಸೆಸ್, ಐಪ್ಯಾಡ್‌ನಲ್ಲಿ ಸ್ವಿಚ್ ಕಂಟ್ರೋಲ್ ಆನ್ ಮಾಡಿ, ಆ್ಯಪ್ ತೆರೆದು, ಪರದೆ ಮುಟ್ಟದೆ ಒಂದು ಪಾಠ ಮುಗಿಸಲು ನೋಡಿ. ಆಟದಂತಿರುವ ಆ್ಯಪ್‌ಗಳಲ್ಲಿ ಬಹಳಷ್ಟು ಇಲ್ಲೇ ಸೋಲುತ್ತವೆ. ಪರದೆಯ ಮೇಲೆ ಇಪ್ಪತ್ತು ಬಟನ್ ಕಂಡರೂ ಅವೆಲ್ಲ ಒಂದೇ ಚಿತ್ರವಾಗಿ ಬರೆದಿರುವಂಥವು. ಆಪರೇಟಿಂಗ್ ಸಿಸ್ಟಮ್ಮಿಗೆ ಬಟನ್ ಅಂತ ಗೊತ್ತೇ ಆಗುವುದಿಲ್ಲ, ಬಟನ್ನಿಂದ ಬಟನ್ನಿಗೆ ತಾನೇ ಸರಿಯಬೇಕಾದ ಸ್ಕ್ಯಾನಿಂಗ್ ಚೌಕಟ್ಟು (ಬೇಕಾದ ಬಟನ್ನಿನ ಮೇಲೆ ಅದು ಬಂದಾಗ ಮಗು ಸ್ವಿಚ್ಚು ಒತ್ತುತ್ತದೆ) ಇಡೀ ಪರದೆಯ ಸುತ್ತ ಸುಮ್ಮನೆ ನಿಂತುಬಿಡುತ್ತದೆ.

ಚೌಕಟ್ಟು ಓಡಿದರೆ ಅದು ಓಡುವ ಕ್ರಮ ನೋಡಿ. 40 ಬಟನ್ನಿನ ಪಟ, ಒಂದೊಂದರ ಮೇಲೆ 2 ಸೆಕೆಂಡ್ ನಿಲ್ಲುತ್ತದೆ ಅಂದುಕೊಳ್ಳಿ. ಒಂದಾದ ಮೇಲೊಂದು ಓಡಿದರೆ ಕೊನೆಯ ಬಟನ್ನಿಗೆ 80 ಸೆಕೆಂಡ್. ಮೊದಲು ಸಾಲು, ಆಮೇಲೆ ಸಾಲಿನೊಳಗಿನ ಬಟನ್ ಅಂತ ಓಡಿದರೆ, 5 ಸಾಲು 8 ಕಂಬದ ಪಟದಲ್ಲಿ ಹೆಚ್ಚೆಂದರೆ 26 ಸೆಕೆಂಡ್. ಜೊತೆಗೆ ವೇಗವನ್ನು ಅರ್ಧರ್ಧ ಸೆಕೆಂಡಿನಷ್ಟು ಬದಲಿಸಬಹುದೇ, ನಡುಕದಿಂದ ಎರಡು ಸಲ ಒತ್ತಿದರೆ ಎರಡನೆಯದನ್ನು ಬಿಟ್ಟುಬಿಡುವ ಸೆಟ್ಟಿಂಗ್ ಕೆಲಸ ಮಾಡುತ್ತದೆಯೇ, ಪ್ರಶ್ನೆಯ ಟೈಮರ್ ಪೂರ್ತಿ ಆಫ್ ಆಗುತ್ತದೆಯೇ ನೋಡಿ. ಟೈಮರ್ ತೆಗೆಯಲಾಗದ ಕ್ವಿಝ್ ಸ್ವಿಚ್ ಬಳಸುವ ಮಗುವಿಗೆ ಸುಮ್ಮನೆ ಅವಮಾನ.

ಕಣ್ಣೋಟದಿಂದ ನಡೆಯುವ ಉಪಕರಣದ ಮಳಿಗೆ ಇದ್ದರೆ ಒಂದು ಮಾತು. ಅದು ಇನ್‌ಫ್ರಾರೆಡ್ ಬೆಳಕು ಬಿಟ್ಟು ಕಣ್ಣಿನಿಂದ ಮರಳುವ ಪ್ರತಿಫಲನ ಹಿಡಿಯುತ್ತದೆ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಕಿಟಕಿ ಪಕ್ಕ ತಡವರಿಸುತ್ತದೆ. ಸಭಾಂಗಣದೊಳಗೆ ಆ ಸಮಸ್ಯೆ ಕಾಣುವುದೇ ಇಲ್ಲ. ಡೆಮೊದವರು ನೇರ ಕೂತು, ಸುಮಾರು 60 ಸೆಂ.ಮೀ. ದೂರದಲ್ಲಿ, ತಲೆ ಅಲ್ಲಾಡಿಸದೆ ತೋರಿಸುತ್ತಾರೆ. ನೀವು ತಲೆಯನ್ನು ಒಂದು ಕಡೆಗೆ ವಾಲಿಸಿ ಕೂತು ನೋಡಿ. ಗಾಲಿಕುರ್ಚಿಗೆ ಬಿಗಿಯುವ ಮೌಂಟ್ ಬೆಲೆಯಲ್ಲಿ ಸೇರಿದೆಯೇ ಅನ್ನುವುದನ್ನೂ ಕೇಳಿ, ಬಹಳ ಸಲ ಅದು ಬೇರೆ.

ಮಾತಿನ_ಪಟ

ಮಾತು ಬಾರದ ಮಕ್ಕಳ ವಿಷಯಕ್ಕೆ ಬರುತ್ತೇನೆ. ಎಎಸಿ, ಅಂದರೆ ಚಿತ್ರ ಒತ್ತಿ ಮಾತಾಡಿಸುವಂಥ ಪರ್ಯಾಯ ಸಂವಹನದ ಆ್ಯಪ್‌ಗಳ ಮಳಿಗೆಯಲ್ಲಿ ಎಷ್ಟು ಸಾವಿರ ಚಿತ್ರಗಳಿವೆ ಅಂತ ಹೇಳುತ್ತಾರೆ. ಅದು ಮುಖ್ಯವೇ ಅಲ್ಲ. ಮುಖಪುಟದಿಂದ ‘ಬೇಡ’, ‘ಇನ್ನೂ ಬೇಕು’, ‘ನಿಲ್ಲಿಸು’, ‘ಸಹಾಯ’ ಈ ನಾಲ್ಕಕ್ಕೆ ಎಷ್ಟೆಷ್ಟು ಒತ್ತು ಬೇಕು ಎಣಿಸಿ. ‘ಬೇಡ’ ಹೇಳಲು ಎರಡು ಫೋಲ್ಡರ್ ದಾಟಬೇಕಾದರೆ ಮಗು ಪಟ ಎಸೆದೇ ‘ಬೇಡ’ ಹೇಳುತ್ತದೆ, ಅದು ಬೇಗ ಆಗುತ್ತದಲ್ಲ.

ಎರಡನೆಯದು ಬಟನ್ನಿನ ಜಾಗ. ರೂಢಿಯಾದ ಮಗು ಚಿತ್ರ ನೋಡಿ ಹುಡುಕುವುದಿಲ್ಲ, ಕೈಗೇ ಜಾಗ ಗೊತ್ತಿರುತ್ತದೆ. ಈಗ 3×4 ಪಟದಿಂದ ಶುರುಮಾಡಿ ಮುಂದೆ 6×10ಕ್ಕೆ ಹೋದಾಗ ಎಲ್ಲ ಬಟನ್ನೂ ಜಾಗ ಬದಲಿಸಿದರೆ ಕಲಿತದ್ದು ನೀರಲ್ಲಿ ಹೋಮ. ಹಾಗಾಗಿ ಮಳಿಗೆಯಲ್ಲೇ ಮಾಡಿಸಿ ನೋಡಿ: ದೊಡ್ಡ ಪಟ ಇಟ್ಟು, ಎಂಟು ಹತ್ತು ಬಟನ್ ಬಿಟ್ಟು ಉಳಿದದ್ದನ್ನೆಲ್ಲ ಮರೆಮಾಡಿ, ಆಮೇಲೆ ಒಂದೊಂದೇ ತೆರೆದಾಗ ಹಳೆಯವು ಇದ್ದಲ್ಲೇ ಇರುತ್ತವೆಯೇ? ಬೆರಳಿನ ಹಿಡಿತ ಕಡಿಮೆ ಇರುವ ಮಗುವಿಗೆ ಸಣ್ಣ ಬಟನ್ನುಗಳ ದೊಡ್ಡ ಪಟ ಆಗುವುದಿಲ್ಲ ಅನ್ನುವುದೂ ನಿಜ. ಅಲ್ಲಿ ಸ್ವಿಚ್ಚು_ಬಟನ್ ಹೇಳಿದ ಸ್ಕೇಲೇ ತೀರ್ಮಾನಿಸಲಿ.

ಕನ್ನಡದ ಧ್ವನಿ ಇದೆ ಅಂದರೆ ಏರೋಪ್ಲೇನ್ ಮೋಡ್ ಹಾಕಿ ಬಟನ್ ಒತ್ತಿ. ಹೆಚ್ಚಿನ ಆ್ಯಪ್‌ಗಳು ಟ್ಯಾಬ್ಲೆಟ್‌ನಲ್ಲಿರುವ ಧ್ವನಿಯನ್ನೇ ಎರವಲು ಪಡೆಯುತ್ತವೆ. ಆ ಧ್ವನಿಯ ಕಡತ ಇಳಿಸಿಕೊಂಡಿಲ್ಲದಿದ್ದರೆ ನೆಟ್ ಹೋದ ಕೂಡಲೇ ಮೌನ. ಇನ್ನೊಂದು, ವಾಕ್ಯ ತಾನಾಗಿ ಸರಿಪಡಿಸುವ ಸೌಲಭ್ಯ ಇಂಗ್ಲಿಷಿನ ವ್ಯಾಕರಣಕ್ಕೆ ಮಾಡಿದ್ದಾಗಿದ್ದರೆ ‘ನಾನು’, ‘ಶಾಲೆ’, ‘ಹೋಗು’ ಒತ್ತಿದಾಗ ಹಾಗೆಯೇ ಮೂರು ಬಿಡಿ ಪದ ಬರುತ್ತವೆ. ‘ಶಾಲೆಗೆ’, ‘ಶಾಲೆಯಲ್ಲಿ’ ಬೇಕಾದರೆ ನೀವೇ ಬಟನ್ ಸೇರಿಸಬೇಕು. ಹೊಸ ಬಟನ್ ಸೇರಿಸಿ, ನಿಮ್ಮ ಧ್ವನಿ ರೆಕಾರ್ಡ್ ಮಾಡಿ, ಉಳಿಸಲು ಎಷ್ಟು ಹೊತ್ತು ಹಿಡಿಯಿತು ಗಡಿಯಾರ ನೋಡಿಕೊಳ್ಳಿ. ಒಂದು ನಿಮಿಷ ದಾಟಿದರೆ ತರಗತಿಯ ನಡುವೆ ಯಾರೂ ಮಾಡುವುದಿಲ್ಲ.

ಕಡೆಯದಾಗಿ ಎಕ್ಸ್‌ಪೋರ್ಟ್. ‘ಓಪನ್ ಬೋರ್ಡ್ ಫಾರ್ಮ್ಯಾಟ್’ನಲ್ಲಿ (ಬೇರೆ ಎಎಸಿ ಆ್ಯಪ್‌ಗೂ ಒಯ್ಯಬಹುದಾದ ಕಡತದ ನಮೂನೆ) ಪಟ ಹೊರತೆಗೆಯಬಹುದೇ? ಇಲ್ಲದಿದ್ದರೆ ಮಗು ಬೇರೆ ಆ್ಯಪ್‌ಗೆ ಹೋದ ದಿನ ವರ್ಷಗಟ್ಟಲೆ ಕಟ್ಟಿದ ಪಟ ಮತ್ತೆ ಮೊದಲಿಂದ. ಕಾಗದಕ್ಕೆ ಪ್ರಿಂಟ್ ಆಗುತ್ತದೆಯೇ ಅದನ್ನೂ ನೋಡಿ, ಬ್ಯಾಟರಿ ಮುಗಿದಾಗ ಅದೇ ಗತಿ. ಹೋಗುವ ಮುಂಚೆ ಸಿಬೋರ್ಡ್ ಅನ್ನುವ ಎಎಸಿ ಆ್ಯಪ್ ಬಳಸಿ ನೋಡಿ. ಓಪನ್ ಸೋರ್ಸ್, ಬ್ರೌಸರಿನಲ್ಲೇ ನಡೆಯುತ್ತದೆ. ಚಿತ್ರ ಬೇಕಾದರೆ ಸ್ಪೇನಿನ ಅರಗಾನ್ ಪ್ರಾಂತ್ಯದ ಸರ್ಕಾರದ ‘ಅರಾಸಾಕ್’ ಸಂಗ್ರಹವಿದೆ, ವಾಣಿಜ್ಯೇತರ ಬಳಕೆಗೆ ಉಚಿತ. ಇವು ಕೈಯಲ್ಲಿದ್ದರೆ ದುಡ್ಡು ಕೊಟ್ಟು ಕೊಳ್ಳುವ ಆ್ಯಪ್ ಹೆಚ್ಚಿಗೆ ಏನು ಕೊಡುತ್ತದೆ ಅಂತ ನೇರವಾಗಿ ಕೇಳಬಹುದು.

ಚುಕ್ಕಿ_ಬರಹ

ದೃಷ್ಟಿ ಮತ್ತು ಓದಿನ ಬಗ್ಗೆ ಚುಟುಕಾಗಿ.

ಜಾಲತಾಣವಾದರೆ ಮೌಸ್ ಬಿಟ್ಟು ಟ್ಯಾಬ್ ಕೀ ಒತ್ತುತ್ತಾ ಹೋಗಿ. ಈಗ ಎಲ್ಲಿದ್ದೇವೆ ಅನ್ನುವ ಗುರುತು ಕಾಣಬೇಕು, ಯಾವುದಾದರೂ ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದು ಹೊರಬರಲಾಗದೆ ಹೋಗಬಾರದು. ಆಮೇಲೆ ಬ್ರೌಸರನ್ನು 400%ಗೆ ಹಿಗ್ಗಿಸಿ. 1280 ಪಿಕ್ಸೆಲ್ ಅಗಲದ ಪರದೆಯಲ್ಲಿ ಅದು 320 ಪಿಕ್ಸೆಲ್ಲಿಗೆ ಸಮ. ಅಕ್ಷರಗಳು ಕೆಳಕ್ಕೆ ಹರಿದು ಒಂದೇ ಕಂಬವಾಗಬೇಕು; ಪ್ರತಿ ಸಾಲು ಓದಲು ಅಡ್ಡಡ್ಡ ಸರಿಸಬೇಕಾಗಿ ಬಂದರೆ ಮಂದದೃಷ್ಟಿಯ ಮಗುವಿಗೆ ಅದು ಓದುವ ಪುಟವಲ್ಲ. ಅಕ್ಷರ ಮತ್ತು ಹಿನ್ನೆಲೆಯ ನಡುವಿನ ವ್ಯತ್ಯಾಸ ಕನಿಷ್ಠ 4.5:1 ಇರಬೇಕು, ದಪ್ಪ ದೊಡ್ಡಕ್ಷರಕ್ಕೆ 3:1 ಸಾಕು. ತಿಳಿ ಬೂದು ಅಕ್ಷರದ ಮೋಹ ಇರುವ ಡಿಸೈನರುಗಳು ಇಲ್ಲೇ ಸಿಕ್ಕಿಬೀಳುತ್ತಾರೆ.

ಆ್ಯಪ್ ಆದರೆ ಟಾಕ್‌ಬ್ಯಾಕ್, ಅಂದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ಆ್ಯಂಡ್ರಾಯ್ಡ್ ಸೌಲಭ್ಯ. ಶಾರ್ಟ್‌ಕಟ್ ಆನ್ ಇರುವ ಫೋನಿನಲ್ಲಿ ಎರಡೂ ವಾಲ್ಯೂಮ್ ಕೀಗಳನ್ನು 3 ಸೆಕೆಂಡ್ ಒತ್ತಿ ಹಿಡಿದರೆ ಶುರುವಾಗುತ್ತದೆ. ಬಲಕ್ಕೆ ಸರಿಸುತ್ತಾ ಹೋದಾಗ ‘ಹೆಸರಿಲ್ಲದ ಬಟನ್’, ‘ಹೆಸರಿಲ್ಲದ ಬಟನ್’ ಅಂತಲೇ ಓದಿದರೆ ಮುಗಿಯಿತು. ವಿಂಡೋಸ್‌ನಲ್ಲಿ ಅದೇ ಕೆಲಸ ಮಾಡುವ ಉಚಿತ ಎನ್‌ವಿಡಿಎ ಹಾಕಿಕೊಂಡು ಹೋಗಿ. ಇನ್ಸರ್ಟ್ ಜೊತೆ ಎಫ್7 ಒತ್ತಿದರೆ ಪುಟದ ಕೊಂಡಿ ಮತ್ತು ತಲೆಬರಹಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ತಲೆಬರಹವೇ ಇಲ್ಲದಿದ್ದರೆ ಆ ಪುಟಕ್ಕೆ ರಚನೆಯೇ ಇಲ್ಲ ಅಂತ ಅರ್ಥ.

ಡಿಸ್ಲೆಕ್ಸಿಯಾ ಮಕ್ಕಳಿಗೆ ಓದಿ ಹೇಳುವ ಸಾಧನ ನೋಡುವಾಗ ಅವರ ಮಾದರಿ ಕಡತ ಬೇಡ. ಪೆನ್‌ಡ್ರೈವ್‌ನಲ್ಲಿ ಮೂರು ಕಡತ ಒಯ್ಯಿರಿ: ಸರಿಯಾಗಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದು, ಹಳೆಯ ಯೂನಿಕೋಡ್ ಅಲ್ಲದ ಫಾಂಟಿನದು, ಪುಸ್ತಕದ ಪುಟ ಸ್ಕ್ಯಾನ್ ಮಾಡಿದ ಪಿಡಿಎಫ್. ಮೊದಲನೆಯದು ಎಲ್ಲೆಡೆ ಓದುತ್ತದೆ. ಎರಡನೆಯದು ಕಣ್ಣಿಗೆ ಕನ್ನಡ, ಯಂತ್ರಕ್ಕೆ ರೋಮನ್ ಅಕ್ಷರಗಳ ಕಸ. ಮೂರನೆಯದು ಬರೀ ಚಿತ್ರ, ಓಸಿಆರ್ (ಚಿತ್ರದೊಳಗಿನ ಅಕ್ಷರ ಗುರುತಿಸುವ ಸೌಲಭ್ಯ) ಇಲ್ಲದೆ ಒಂದಕ್ಷರವೂ ಬರುವುದಿಲ್ಲ. ಇದ್ದರೂ ಒತ್ತಕ್ಷರ ಎಲ್ಲೆಲ್ಲಿ ತಪ್ಪಿತು ನೋಡಿ. ಶಾಲೆಯಲ್ಲಿ ಸಿಗುವ ಸಾಮಗ್ರಿ ಹೆಚ್ಚಾಗಿ ಕೊನೆಯ ಎರಡು ಬಗೆಯದೇ. ಓದುವಾಗ ಪದಪದಕ್ಕೂ ಬಣ್ಣ ಹತ್ತುವುದು ಧ್ವನಿಗೆ ಸರಿಹೊಂದಿದೆಯೇ ಗಮನಿಸಿ. ಡಿಸ್ಲೆಕ್ಸಿಯಾಗೆಂದೇ ಮಾಡಿದ ಫಾಂಟ್ ಅಂತ ಹೇಳಿದರೆ ಮರುಳಾಗಬೇಡಿ, ಅದರಿಂದ ಓದು ಸುಧಾರಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಅಕ್ಷರ ಮತ್ತು ಸಾಲಿನ ನಡುವಿನ ಜಾಗ ಹೆಚ್ಚಿಸಲು ಬರುತ್ತದೆಯೇ ಕೇಳಿ.

‘ನಮ್ಮದು ಡಬ್ಲ್ಯುಸಿಎಜಿಗೆ ತಕ್ಕಂತಿದೆ’ ಅಂದರೆ (ಜಾಲತಾಣ ಅಂಗವಿಕಲರಿಗೂ ಬಳಸಲು ಬರುವಂತಿರಬೇಕು ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿ ಅದು) ಯಾವ ಆವೃತ್ತಿ ಅಂತ ಕೇಳಿ. 2.1 ಬಂದದ್ದು 2018ರಲ್ಲಿ, 2.2 ಬಂದದ್ದು 2023ರಲ್ಲಿ. ಮಾರ್ಗಸೂಚಿಯ ಒಂದೊಂದು ಅಂಶಕ್ಕೂ ಬೆಂಬಲವಿದೆಯೇ ಅಂತ ತೋರಿಸುವ ವಿಪ್ಯಾಟ್ ನಮೂನೆಯಲ್ಲಿ ತುಂಬಿದ ವರದಿ ಇಮೇಲ್ ಮಾಡಿ ಅನ್ನಿ. ಎಲ್ಲ ಸಾಲಿಗೂ ‘ಬೆಂಬಲವಿದೆ’ ಅಂತ ಇದ್ದು ಷರಾ ಅಂಕಣ ಖಾಲಿ ಇರುವ ವರದಿಗಿಂತ, ಅಲ್ಲಲ್ಲಿ ‘ಭಾಗಶಃ’ ಅಂತ ಬರೆದು ಕಾರಣ ಕೊಟ್ಟ ವರದಿ ಹೆಚ್ಚು ನಂಬಬಹುದು.

ಸಂಪನ್ಮೂಲ_ಕೊಠಡಿ

ಎಲ್ಲರಿಗೂ ಧನ್ಯವಾದ. ಎರಡು ವಿಷಯ ಉಳಿದವು. ಮಾತು ಅಸ್ಪಷ್ಟವಾಗಿರುವ ಮಕ್ಕಳಿಗೆ ಎಐ ಮಾತು ಗುರುತಿಸುವ ಸಾಧನ ಬಂದಿದೆ ಅಂತಾರಲ್ಲ, ಅದು ನೋಡಬಹುದೇ? ಮತ್ತೆ, ವರದಿಯಲ್ಲಿ ಏನು ಬರೆಯುವುದು?

ದಾಖಲೆ_ಪುಸ್ತಕ

ಮಾತು ಗುರುತಿಸುವ ಸಾಮಾನ್ಯ ಸಾಧನಗಳು ಬಹುತೇಕ ಸ್ಪಷ್ಟವಾಗಿ ಮಾತಾಡುವ ದೊಡ್ಡವರ ಧ್ವನಿಯ ಮೇಲೆ ಕಲಿತಿರುತ್ತವೆ, ಮಕ್ಕಳ ಅಸ್ಪಷ್ಟ ಮಾತಿಗೆ ಎಡವುತ್ತವೆ. ಮಳಿಗೆಯಲ್ಲಿ ಪರೀಕ್ಷಿಸಲಿಕ್ಕೂ ಆಗದು, ಮಗುವಿನ ಮಾತನ್ನು ಅಣಕಿಸಿ ತೋರಿಸುವುದಂತೂ ಸಲ್ಲ. ಕೇಳಬೇಕಾದ್ದು ಒಂದೇ: ಈ ಮಗುವಿನದೇ ಧ್ವನಿ ರೆಕಾರ್ಡ್ ಮಾಡಿ ಕಲಿಸಲು ಬರುತ್ತದೆಯೇ, ಎಷ್ಟು ವಾಕ್ಯ ಬೇಕು? ಐಓಎಸ್ 18ರಲ್ಲಿ ಬಂದ ವೋಕಲ್ ಶಾರ್ಟ್‌ಕಟ್ಸ್ ಇದರ ಸಣ್ಣ ರೂಪ, ತನ್ನದೇ ಉಚ್ಚಾರದಲ್ಲಿ ಒಂದು ಪದ ಮೂರು ಸಲ ಹೇಳಿ ಒಂದು ಕೆಲಸಕ್ಕೆ ಜೋಡಿಸಬಹುದು.

ಎಐನಿಂದ ಐಇಪಿ (ಒಂದೊಂದು ಮಗುವಿಗೆಂದೇ ಮಾಡುವ ಕಲಿಕಾ ಯೋಜನೆ) ಬರೆಯುವ ಸಾಧನಗಳನ್ನು ಪರೀಕ್ಷಿಸುವಾಗ ಕಾಲ್ಪನಿಕ ಮಗುವಿನ ವಿವರವನ್ನೇ ಕೊಡಿ. ನಿಜವಾದ ಹೆಸರು, ಫೋಟೊ, ರೋಗನಿದಾನ ಡೆಮೊ ಖಾತೆಗೆ ಹೋಗಕೂಡದು. ಮಾಹಿತಿ ಎಲ್ಲಿ ಉಳಿಯುತ್ತದೆ, ಮಾದರಿಗೆ ಕಲಿಸಲು ಬಳಸುತ್ತಾರೆಯೇ, ಖಾತೆ ಮುಚ್ಚಿದ ಎಷ್ಟು ದಿನಕ್ಕೆ ಅಳಿಸುತ್ತಾರೆ, ಇವಕ್ಕೆ ಉತ್ತರ ಲಿಖಿತದಲ್ಲಿ ಬೇಕು.

ಮೇಲಿನವರು ಮಳಿಗೆಗಳ ಬಗ್ಗೆಯೇ ಹೇಳಿದರು. ಗೋಷ್ಠಿಗಳಲ್ಲಿ ಉದ್ಘಾಟನಾ ಭಾಷಣ ತಪ್ಪಿದರೆ ನಷ್ಟವಿಲ್ಲ, ಆ ಹೊತ್ತಿಗೆ ಮಳಿಗೆಗಳಲ್ಲಿ ಜನ ಕಡಿಮೆ. ಶಿಕ್ಷಕರೇ ಮಂಡಿಸುವ ಪೋಸ್ಟರ್‌ಗಳ ಹತ್ತಿರ ಹೋಗಿ, ‘ಯಾವ ಮಗುವಿಗೆ ಇದು ಆಗಿಬರಲಿಲ್ಲ?’ ಅಂತ ಕೇಳಿ.

ವರದಿಯಲ್ಲಿ ಕೊಳ್ಳುವ ಪಟ್ಟಿ ಕೊಡಬೇಡಿ, ಪ್ರಯೋಗದ ಪ್ರಸ್ತಾಪ ಕೊಡಿ. ಎರಡೇ ಸಾಧನ, ಒಂದೊಂದಕ್ಕೆ ಒಂದು ಮಗು, ಒಂದು ಕೆಲಸ. ಮಳಿಗೆಯವರಿಂದ ಕನಿಷ್ಠ ನಾಲ್ಕು ವಾರಕ್ಕೆ ಸಾಲವಾಗಿ ಕೇಳಿ. ಎಎಸಿಗೆ ಅದೂ ಸಾಲದು. ಸಾಧನ ಬರುವ ಮೊದಲೇ ಅದೇ ಕೆಲಸವನ್ನು ಐದು ಅವಧಿ ಗಮನಿಸಿ ದಾಖಲಿಸಿ: ತಾನೇ ಮಾಡಿದ್ದು, ಸನ್ನೆಯ ಸಹಾಯ, ಮಾತಿನ ಸಹಾಯ, ಕೈಹಿಡಿದು ಮಾಡಿಸಿದ್ದು, ಹೀಗೆ ನಾಲ್ಕು ಅಂಕಣ. ಸಾಧನ ಬರುವ ಮುನ್ನವೇ ‘ತಾನೇ ಮಾಡಿದ್ದು’ ಏರುತ್ತಾ ಇದ್ದರೆ ಮುಂದಿನ ಏರಿಕೆಯನ್ನು ಸಾಧನದ ಲೆಕ್ಕಕ್ಕೆ ಹಾಕಲು ಬರುವುದಿಲ್ಲ, ಸಮತಟ್ಟಾಗುವವರೆಗೆ ಕಾಯಬೇಕು. ಪರಿಣಾಮ ಖಚಿತಪಡಿಸಲು ಸಾಧನವನ್ನು ನಡುವೆ ತೆಗೆದು ನೋಡುವ ಪದ್ಧತಿಯಿದೆ, ಆದರೆ ಸಂವಹನ ಸಾಧನಕ್ಕೆ ಅದನ್ನು ಮಾಡಬೇಡಿ; ಮಗುವಿನ ಮಾತನ್ನೇ ಕಿತ್ತುಕೊಂಡಂತೆ.

ಪ್ರಸ್ತಾಪದಲ್ಲೇ ಇನ್ನು ಮೂರು ಸಾಲು ಸೇರಿಸಿ: ದಿನಾ ಚಾರ್ಜ್ ಮಾಡುವವರು ಯಾರು, ಶಿಕ್ಷಕಿ ರಜೆಯಲ್ಲಿದ್ದಾಗ ನಡೆಸುವವರು ಯಾರು, ಮನೆಗೆ ಒಯ್ಯಬಹುದೇ. ಪ್ರಯೋಗ ಮುಗಿಯುವವರೆಗೆ ಆಟೋ ಅಪ್‌ಡೇಟ್ ಆಫ್ ಇರಲಿ. ನಡುವೆ ಬಟನ್ನುಗಳ ಜಾಗ ಬದಲಾದರೆ ಅಲ್ಲಿಯವರೆಗಿನ ದಾಖಲೆ ಹೋಲಿಕೆಗೆ ಬರುವುದಿಲ್ಲ.