‘ಆಟಗಾರರ ಲಿಲಾವು’ ಎನ್ನಬಹುದೇ? ಹರಾಜು, ಲಿಲಾವು, ಸವಾಲು ಪದಗಳ ಬಗ್ಗೆ

ಬಾಗಲಕೋಟೆ ಜಿಲ್ಲೆಯ ನಮ್ಮ ಮಹಾಲಿಂಗಪುರದ ಹುಡುಗರು ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಗೆ ಕರಪತ್ರ ಬರೆದುಕೊಡಿರೆಂದು ನನ್ನಲ್ಲಿಗೆ ಬಂದಿದ್ದರು. ಮುಂಬೈ, ಬೆಂಗಳೂರುಗಳ ಲೀಗುಗಳನ್ನು ನೋಡಿ ಅವರೂ ತಂಡಕ್ಕೊಬ್ಬ ಮಾಲೀಕನನ್ನು ಹುಡುಕಿ, ಆಟಗಾರರನ್ನು ಕೂಗಿ ಹಂಚಿಕೊಳ್ಳುವ ಏರ್ಪಾಡು ಮಾಡಿದ್ದರು. ಹರಾಜಿಗೆ ಲಿಲಾವು ಎನ್ನುವ ಈ ಭಾಗದ ರೂಢಿಯಂತೆ ನಾನು ‘ಆಟಗಾರರ ಲಿಲಾವು’ ಎಂದು ಬರೆದೆ. ಬೆಲ್ಲದ ಅಡತಿ ಅಂಗಡಿಯ ಹಿರಿಯರೊಬ್ಬರು ಕರಡನ್ನು ಓದಿ, ಕನ್ನಡಕವನ್ನು ಹಣೆಗೇರಿಸಿ, “ಏನ್ರೀ ಮಾಸ್ತರ, ಈ ಹುಡುಗೂರು ಯಾರ ಸಾಲಾ ಮುಳಗ್ಸ್ಯಾರಂತ ಲಿಲಾವಿಗೆ ಹಚ್ಚೀರಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

‘ಲಿಲಾವು’ ಪೋರ್ತುಗೀಸ್ ಮೂಲದ ಪದ. ಮರಾಠಿಯ ಮೂಲಕ ನಮಗೆ ಬಂದಿದೆ. ಕರಾವಳಿಯವರ ‘ಏಲಂ’ ಕೂಡ ಅದೇ ಬೇರಿನದು. 1956ರವರೆಗೆ ಮುಂಬೈ ಆಡಳಿತದಲ್ಲಿದ್ದ ನಮ್ಮ ಜಿಲ್ಲೆಗಳಲ್ಲಿ ಈ ಪದಕ್ಕೆ ಕಚೇರಿಯ ವಾಸನೆ ಹತ್ತಿದೆ; ಜಪ್ತಿಯಾದ ಹೊಲ, ಬ್ಯಾಂಕಿನವರು ಎಳೆದುಕೊಂಡು ಹೋದ ಟ್ರ್ಯಾಕ್ಟರ್ ಕಣ್ಣ ಮುಂದೆ ಬರುತ್ತವೆ. ಪತ್ರಿಕೆಗಳು ಬಳಸುವ ‘ಹರಾಜು’ ಅರಬ್ಬಿಯಿಂದ ಬಂದದ್ದು. ಅದು ಇಷ್ಟು ಕಹಿಯಲ್ಲವಾದರೂ ‘ಮಾನ ಹರಾಜು ಹಾಕಿದ’ ಎಂಬ ಮಾತು ಅದರ ಬೆನ್ನಿಗೇ ಇದೆ.

ಮೂರನೆಯದಾದ ‘ಸವಾಲು’ ನನಗೆ ಹೆಚ್ಚು ಪ್ರಿಯವಾದ ಪದ. ನಮ್ಮ ಕಡೆ ಗುಡಿಗಳಲ್ಲಿ ದೇವರ ತೆಂಗಿನಕಾಯಿಯನ್ನು ಸವಾಲಿಗೆ ಇಡುತ್ತಾರೆ, ಎಂದರೆ ಹೆಚ್ಚು ಬೆಲೆ ಕೂಗಿದವರಿಗೆ ಕೊಡುತ್ತಾರೆ. 2021ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಲಕಿಯ ಮಾಳಿಂಗರಾಯನ ಗುಡಿಯಲ್ಲಿ ಒಂದೇ ಒಂದು ಕಾಯಿ ಆರೂವರೆ ಲಕ್ಷ ರೂಪಾಯಿಗೆ ಹೋಯಿತು. ಅಲ್ಲಿ ಬೆಲೆ ಏರಿದಷ್ಟೂ ವಸ್ತುವಿಗೂ ಹಿಡಿದವನಿಗೂ ಗೌರವ. ಅವಮಾನದ ಸುಳಿವೇ ಇಲ್ಲ. ಆದರೆ ‘ಆಟಗಾರರ ಸವಾಲು’ ಎಂದು ಅಚ್ಚು ಹಾಕಿಸಿದರೆ ಮೈಸೂರು ಕಡೆಯವರು ಆಟಗಾರರೇ ಯಾರಿಗೋ ಪಂಥ ಒಡ್ಡಿದ್ದಾರೆಂದು ತಿಳಿದಾರು.

ಪದ ಸಿಗದಿರುವುದಕ್ಕೆ ವ್ಯವಹಾರದ ಸ್ವರೂಪವೇ ಕಾರಣವೆಂದು ನನಗನಿಸುತ್ತದೆ. ಲಿಲಾವಿನ ಹಣ ಸಾಲ ಕೊಟ್ಟವನಿಗೆ, ಸವಾಲಿನ ಹಣ ದೇವರ ಹುಂಡಿಗೆ, ಅಡತಿಯಲ್ಲಿ ಕೂಗಿದ ಬೆಲ್ಲದ ಹಣ ರೈತನಿಗೆ ಸೇರುತ್ತದೆ. ಐಪಿಎಲ್‌ನಲ್ಲಿ ಕೂಗಿದ ಹಣ ಸಾಮಾನ್ಯವಾಗಿ ಆ ಆಟಗಾರನಿಗೇ ಸಂಭಾವನೆಯಾಗಿ ಸಲ್ಲುತ್ತದೆ. ತನ್ನ ಮೂಲಬೆಲೆಯನ್ನು ಗೊತ್ತುಪಡಿಸಿದ ದರ್ಜೆಗಳಲ್ಲಿ ಆರಿಸಿಕೊಳ್ಳುವವನೂ ಅವನೇ. 2008ರ ಫೆಬ್ರುವರಿಯ ಮೊದಲ ಹರಾಜಿನಲ್ಲಿ ಧೋನಿಯವರನ್ನು ಚೆನ್ನೈ ತಂಡ 15 ಲಕ್ಷ ಡಾಲರಿಗೂ, 2024ರ ನವೆಂಬರಿನಲ್ಲಿ ರಿಷಭ್ ಪಂತ್ ಅವರನ್ನು ಲಖನೌ ತಂಡ 27 ಕೋಟಿ ರೂಪಾಯಿಗೂ ಹಿಡಿದಾಗ, ಕೈ ಬದಲಾದದ್ದು ಮನುಷ್ಯನಲ್ಲ, ಗೊತ್ತಾದ ಅವಧಿಗೆ ಅವನ ಆಟ. ಹೀಗಿದ್ದೂ ನಾವು ‘ಮಾರಾಟವಾದರು’, ‘ಬಿಕರಿಯಾಗದೆ ಉಳಿದರು’ ಎಂದು ಸಂತೆಯ ಕ್ರಿಯಾಪದಗಳನ್ನೇ ಹಚ್ಚುತ್ತೇವೆ. ‘ಲಖನೌ ಪಾಲಾದರು’ ಎಂಬ ತಲೆಬರಹವಂತೂ, ಬೆಂಕಿಯ ಪಾಲು, ಕಂಡವರ ಪಾಲು ಎಂಬ ಮಾತುಗಳನ್ನು ಕೇಳಿ ಬೆಳೆದ ನನ್ನ ಕಿವಿಗೆ ಶೋಕಸುದ್ದಿಯಂತೆ ಕೇಳಿಸುತ್ತದೆ.

ನಮ್ಮ ಜಂಗಿ ಕುಸ್ತಿಯ ಭಿತ್ತಿಪತ್ರಗಳಲ್ಲಿ ಈ ತೊಡಕಿಲ್ಲ. ಅಲ್ಲಿ ಹಣ ‘ಇನಾಮು’ ಎಂದು ಜೋಡಿಯ ಮುಂದೆ ಬರೆಯಲಾಗುತ್ತದೆಯೇ ಹೊರತು ಪೈಲ್ವಾನನ ಮೇಲೆ ಬೆಲೆಚೀಟಿ ಅಂಟಿಸುವುದಿಲ್ಲ. ಆದರೆ ಇನಾಮು ಆಟ ಗೆದ್ದ ಮೇಲಿನ ಮಾತು, ಇದು ಆಟಕ್ಕೆ ಮುಂಚಿನದು. ಆದ್ದರಿಂದ ಅದೂ ಒದಗದು.

ಕೊನೆಗೆ ಕರಪತ್ರದಲ್ಲಿ ‘ಆಟಗಾರರ ಆಯ್ಕೆಯ ಸವಾಲು’ ಎಂದು ಬರೆದುಕೊಟ್ಟೆ. ಹುಡುಗರು ಅದನ್ನು ಮೂಲೆಗೆ ಸರಿಸಿ, ಮೇಲೆ ದಪ್ಪಕ್ಷರದಲ್ಲಿ ‘ಆಕ್ಷನ್’ ಎಂದು ಹಾಕಿಸಿದರು. ನನ್ನ ಪ್ರಶ್ನೆ ಎರಡು: ‘ಸವಾಲು’ ಪದವನ್ನು ಕೂಗಿ ಹಿಡಿಯುವ ಅರ್ಥದಲ್ಲಿ ತುಂಗಭದ್ರೆಯ ಆಚೆಗೂ ಬಳಸುವ ಊರುಗಳಿವೆಯೇ? ಮತ್ತು ‘ಬಿಕರಿಯಾಗದ ಆಟಗಾರ’ ಎನ್ನುವುದಕ್ಕೆ, ಅವನ ಮನೆಯವರು ಓದಿದರೂ ನೋಯದಂಥ ಮಾತು ನಿಮ್ಮ ಕಡೆ ಯಾವುದಿದೆ?