ಕಾಕಾ ಕೇಳಿದ್ದಕ್ಕೆ ಉತ್ತರ, ಸ್ವಲ್ಪ ಉದ್ದ ಆಯ್ತು

ಕಾಕಾ, ನಮಸ್ಕಾರ. ಭಾನುವಾರ ಹುಬ್ಬಳ್ಳಿಯ ರಕ್ತದಾನ ಶಿಬಿರಕ್ಕೆ ರಕ್ತ ಕೊಡೋಕೆ ನಾನೂ ಬರ್ತೀನಿ, ಬ್ಯಾನರ್‌ನಲ್ಲಿ 65 ವರ್ಷದವರೆಗೆ ಅಂತ ಇದೆ ಅಂತ ನೀವು ಅಂದ್ರಲ್ಲ. ಅದು ಮೊದಲೇ ಕೊಟ್ಟು ರೂಢಿ ಇದ್ದವರಿಗೆ. ಮೊದಲ ಸಲ ಕೊಡೋರಿಗೆ 60 ದಾಟಿರಬಾರದು. ನಿಮಗೀಗ 62, ಒಮ್ಮೆಯೂ ಕೊಟ್ಟಿಲ್ಲ. ಬೇಜಾರಾಗಬೇಡಿ. ಬಿಪಿ ಮಾತ್ರೆ ಕಾರಣ ಅಲ್ಲ, ಮಾತ್ರೆ ನುಂಗಿ ಬಿಪಿ ಹತೋಟಿಯಲ್ಲಿದ್ದವರು ಕೊಡಬಹುದು. ಶುಗರ್‌ಗೆ ಬರೀ ಮಾತ್ರೆ ಇದ್ದು, ನಾಲ್ಕು ವಾರದಿಂದ ಡೋಸ್ ಬದಲಾಗಿಲ್ಲ ಅಂದ್ರೆ ಅದೂ ನಡೆಯುತ್ತದೆ. ಇನ್ಸುಲಿನ್ ಇದ್ದರೆ ಮಾತ್ರ ಆಗಲ್ಲ.

ತಂಗಿ, ನಿನಗೆ 18 ತುಂಬಲಿ, ತೂಕ 45 ಕಿಲೋ ಆಗಲಿ. ಈಗ 42 ಅಲ್ವಾ? ಕಲ್ಲು ಕಿಸೆಯಲ್ಲಿ ಹಾಕ್ಕೊಂಡು ನಿಂತೇನು ಅನ್ನಬೇಡ.

ನನ್ನ ಕಥೆ ಹೇಳ್ತೀನಿ. ಎರಡು ವರ್ಷದ ಹಿಂದೆ ಒಂದು ಶಿಬಿರಕ್ಕೆ ಹೊಸ ಸೀರೆ ಉಟ್ಟು ಹೋಗಿದ್ದೆ. ಬೆರಳಿಗೆ ಚುಚ್ಚಿ, ಒಂದು ಹನಿ ರಕ್ತ ನೀಲಿ ನೀರಿಗೆ ಬಿಟ್ಟರು. ಮೈಲುತುತ್ತದ ನೀರು ಅದು, ದ್ರಾಕ್ಷಿ ತೋಟಕ್ಕೆ ಹೊಡೀತಾರಲ್ಲ, ಅದೇ ಮೈಲುತುತ್ತ. ಹಿಮೋಗ್ಲೋಬಿನ್ 12.5 ಇದ್ದರೆ ಹನಿ ಸೀದಾ ತಳಕ್ಕೆ ಹೋಗುತ್ತದೆ. ನನ್ನದು ಅರ್ಧ ಇಳಿದು, ಅಲ್ಲೇ ನಿಂತು, ಮೆಲ್ಲಗೆ ಮೇಲೆ ಬಂತು. ನಾಚಿಕೆಯಾಗಿ ಚೀಲ ಎತ್ತಿಕೊಂಡು ಹೊರಗೆ ಬಂದೆ. ಆಮೇಲೆ ಡಾಕ್ಟರ್ ಕೇಳಿದ್ದು ಒಂದೇ ಮಾತು: ಕಬ್ಬಿಣದ ಮಾತ್ರೆ ನುಂಗಿದ ಮೇಲೆ ಚಹಾ ಕುಡೀತೀರಾ? ನಮ್ಮ ಮನೆಯಲ್ಲಿ ಚಹಾ ಬಿಟ್ಟು ಯಾವ ಕೆಲಸ ಆಗುತ್ತೆ! ಚಹಾ ಜೊತೆಗಿದ್ದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಚಹಾ ದೂರ ಇಟ್ಟು, ನಿಂಬೆ ಶರಬತ್ತಿನ ಜೊತೆ ಮೂರು ತಿಂಗಳು ನುಂಗಿದೆ. ಮುಂದಿನ ಸಲ ಹನಿ ಕಲ್ಲಿನ ಹಾಗೆ ಮುಳುಗಿತು.

ತಮ್ಮ, ನೀನು ಹಚ್ಚೆ ಹಾಕಿಸಿ ವರ್ಷ ತುಂಬಿಲ್ಲ, ಫಾರ್ಮ್‌ನಲ್ಲಿ ಮುಚ್ಚಿಡಬೇಡ. ಹಚ್ಚೆಯ ಸೂಜಿಯಿಂದ ಸೋಂಕು ತಗುಲಿದ್ದರೆ, ಹೊಸದರಲ್ಲಿ ಅದು ರಕ್ತ ಪರೀಕ್ಷೆಗೂ ಸಿಗದೆ ಹೋಗಬಹುದು, ಅದಕ್ಕೇ ಅಷ್ಟು ಕೇಳ್ತಾರೆ. ಹೋದ ಸಲ ಕೊಟ್ಟು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು.

ಯಾರೂ ಖಾಲಿ ಹೊಟ್ಟೆಯಲ್ಲಿ ಬರಬೇಡಿ. ನಾನು ಉಪ್ಪಿಟ್ಟು ಮಾಡಿರ್ತೀನಿ. ಕಾಕಾ, ನೀವು ಬರಲೇಬೇಕು. ರಕ್ತ ಕೊಟ್ಟವರು ತಕ್ಷಣ ಗಾಡಿ ಓಡಿಸಬಾರದು, ಗದಗಿಗೆ ವಾಪಸ್ ನಮ್ಮನ್ನು ಕರ್ಕೊಂಡು ಬರೋರು ನೀವೇ.