ಉದ್ಯಾನ ಜಾಗದ ದಾವೆ ತಿರಸ್ಕೃತ: ಮೇಲ್ಮನವಿಯೋ, ಹೊಸ ನೋಟಿಸೋ?

ಸಂಘದ ಕಾರ್ಯದರ್ಶಿ
ಮಾನ್ಯ ನಿವಾಸಿಗಳೇ, ನಮ್ಮ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗದಲ್ಲಿ ಕಟ್ಟಡ ಕಟ್ಟದಂತೆ ಅಧಿಕಾರಿಗಳ ವಿರುದ್ಧ ಪ್ರತಿಬಂಧಕಾಜ್ಞೆ ಕೋರಿ ಬಳ್ಳಾರಿಯ ಸಿವಿಲ್ ನ್ಯಾಯಾಲಯದಲ್ಲಿ ಹೂಡಿದ್ದ ದಾವೆಯ ವಾದಪತ್ರ (ದಾವೆ ಹೂಡಲು ಸಲ್ಲಿಸುವ ಲಿಖಿತ ಮನವಿ) ತಿರಸ್ಕೃತವಾಗಿದೆ. ಕೇಸು ಸೋತೆವೆಂಬ ಸುದ್ದಿ ಆಗಲೇ ಹಬ್ಬಿದೆ. ಆದರೆ ಜಾಗ ಉದ್ಯಾನದ್ದೋ ಅಲ್ಲವೋ ಎಂಬುದನ್ನು ಆದೇಶ ಮುಟ್ಟಿಯೇ ಇಲ್ಲ. ಸರ್ಕಾರದ ವಿರುದ್ಧ, ಅಥವಾ ಅಧಿಕಾರಿಯೊಬ್ಬರು ಹುದ್ದೆಯ ನೆಲೆಯಲ್ಲಿ ಮಾಡಿದ ಕೆಲಸದ ವಿರುದ್ಧ ದಾವೆ ಹೂಡುವ ಮೊದಲು ಲಿಖಿತ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಹೇಳುತ್ತದೆ. ನಮ್ಮ ವಾದಪತ್ರದಲ್ಲಿ ಅಂಥ ನೋಟಿಸಿನ ಉಲ್ಲೇಖವಿಲ್ಲ ಎಂಬುದೊಂದೇ ಕಾರಣ.

3ನೇ ಅಡ್ಡರಸ್ತೆಯ ನಿವಾಸಿ
ಸರ್, ಪಾಯದ ಗುಂಡಿ ತೋಡಿಯಾಗಿದೆ. ಎರಡು ತಿಂಗಳು ಕಾದರೆ ಗೋಡೆಯೇ ಎದ್ದಿರುತ್ತದೆ. ಮೇಲ್ಮನವಿ ಸಲ್ಲಿಸಬಾರದೇ?

ನಿವೃತ್ತ ಶಿರಸ್ತೇದಾರರು, 2ನೇ ಅಡ್ಡರಸ್ತೆ
ಸಲ್ಲಿಸಬಹುದು. ವಾದಪತ್ರದ ತಿರಸ್ಕಾರವೂ ಕಾನೂನಿನಲ್ಲಿ ಡಿಕ್ರಿಯೇ (ಮೇಲ್ಮನವಿಗೆ ಅರ್ಹವಾದ ತೀರ್ಮಾನ) ಆದುದರಿಂದ ಜಿಲ್ಲಾ ನ್ಯಾಯಾಲಯಕ್ಕೆ 30 ದಿನಗಳೊಳಗೆ ಹೋಗಬಹುದು, ದೃಢೀಕೃತ ನಕಲು ಪಡೆಯಲು ಹಿಡಿದ ಅವಧಿಯನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಕೊಡದ ನೋಟಿಸನ್ನು ಮೇಲ್ಮನವಿಯಲ್ಲಿ ಕೊಟ್ಟಂತೆ ಮಾಡಲಾಗದು. ಹೀಗೆ ತಿರಸ್ಕೃತವಾದ ಮೇಲೂ ಅದೇ ವ್ಯಾಜ್ಯಕಾರಣಕ್ಕೆ (ದಾವೆಗೆ ಆಧಾರವಾದ ಸಂಗತಿಗೆ) ಹೊಸ ವಾದಪತ್ರ ಸಲ್ಲಿಸಲು ಅದೇ ಸಂಹಿತೆಯ 7ನೇ ಆದೇಶದ 13ನೇ ನಿಯಮ ಅವಕಾಶ ಕೊಟ್ಟಿರುವಾಗ, ಆ ದಾರಿಯನ್ನು ಬಿಟ್ಟು ಮೇಲ್ಮನವಿಯಲ್ಲಿ ವರ್ಷ ಕಳೆಯುವುದು ನನಗೆ ಸರಿಕಾಣದು.

ತುರ್ತಿನ ವಿಷಯ ಬೇರೆ. ಕೂಡಲೇ ಪರಿಹಾರ ಬೇಕಾದರೆ ನ್ಯಾಯಾಲಯದ ಅನುಮತಿ ಪಡೆದು ನೋಟಿಸಿಲ್ಲದೆಯೂ ದಾವೆ ಹೂಡಲು 80ನೇ ಕಲಮಿನ 2ನೇ ಉಪಕಲಂ, ಅಂದರೆ 80(2), ಬಿಡುತ್ತದೆ. ಅದಕ್ಕೆ ಪ್ರತ್ಯೇಕ ಅರ್ಜಿ ಬೇಕು. ಎದುರು ಪಕ್ಷಕ್ಕೆ ಕಾರಣ ತೋರಿಸಲು ಅವಕಾಶ ಕೊಡದೆ ಮಧ್ಯಂತರ ಆದೇಶವೂ ಸಿಗದು. ತುರ್ತು ಕಾಣದಿದ್ದರೆ ವಾದಪತ್ರ ವಾಪಸು ಬರುತ್ತದೆ. ಗುಂಡಿಯ ಛಾಯಾಚಿತ್ರಗಳನ್ನು ದಿನಾಂಕ ಸಹಿತ ಇಟ್ಟುಕೊಳ್ಳಿ.

5ನೇ ಅಡ್ಡರಸ್ತೆಯ ನಿವಾಸಿ
ಹಿರಿಯರೇ, ನೇರವಾಗಿ ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಅರ್ಜಿ (ಅಧಿಕಾರಿಗಳ ಕ್ರಮವನ್ನು ಹೈಕೋರ್ಟಿನಲ್ಲೇ ಪ್ರಶ್ನಿಸುವ ಅರ್ಜಿ) ಹಾಕಿದರೆ ಹೇಗೆ? ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನದ ಜಾಗವನ್ನು ಆಸ್ಪತ್ರೆಗೆ ಕೊಟ್ಟಿದ್ದನ್ನು ನಿವಾಸಿಗಳೇ ಪ್ರಶ್ನಿಸಿ ಗೆದ್ದಿದ್ದರು. 1991ರ ಮುದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ನಿವೃತ್ತ ಶಿರಸ್ತೇದಾರರು, 2ನೇ ಅಡ್ಡರಸ್ತೆ
ಒಳ್ಳೆಯ ಮಾತು ಅಮ್ಮ. ರಿಟ್ ಅರ್ಜಿಗೆ 80ನೇ ಕಲಮಿನ ನೋಟಿಸು ಬೇಕಿಲ್ಲ. ಆದರೆ ಜಾಗದ ಸ್ವರೂಪವೇ ವಿವಾದವಾದರೆ, ಸಾಕ್ಷ್ಯ ವಿಚಾರಣೆ ಬೇಕೆಂದು ಹೈಕೋರ್ಟು ಸಿವಿಲ್ ನ್ಯಾಯಾಲಯಕ್ಕೇ ಹೋಗಿರೆನ್ನುವ ಸಂಭವವಿದೆ. ಅನುಮೋದಿತ ನಕ್ಷೆಯ ದೃಢೀಕೃತ ನಕಲು ಕೈಯಲ್ಲಿದ್ದರೆ ಆ ಆತಂಕ ಬಹುಪಾಲು ಇರದು. ನಮ್ಮಲ್ಲಿರುವುದೋ ನಿವೇಶನ ಮಾರಿದವರು ಕೊಟ್ಟ ಜೆರಾಕ್ಸ್ ಪ್ರತಿ! ಮೊದಲು ಮಾಹಿತಿ ಹಕ್ಕಿನಡಿ ನಕಲಿಗೆ ಅರ್ಜಿ ಹಾಕೋಣ, ಜೊತೆಯಲ್ಲೇ ನೋಟಿಸು ಕಳುಹಿಸೋಣ. ಕಾಮಗಾರಿ ಮುಂದುವರಿದರೆ 80(2)ರ ಅರ್ಜಿಯೋ ಧಾರವಾಡವೋ ಎಂಬುದನ್ನು ನಕಲು ನೋಡಿ ವಕೀಲರು ಹೇಳಲಿ.

ಸಂಘದ ಕಾರ್ಯದರ್ಶಿ
ಹಾಗೆಯೇ ಮಾಡೋಣ. ನೋಟಿಸಿನಲ್ಲಿ ವಾದಿಗಳ ಹೆಸರು, ವಿವರ, ವಾಸಸ್ಥಳ, ವ್ಯಾಜ್ಯಕಾರಣ ಹಾಗೂ ಕೋರುವ ಪರಿಹಾರ ಇರಲೇಬೇಕು. ಆದ್ದರಿಂದ ಸಹಿ ಮಾಡುವವರು ಆಧಾರ್‌ನಲ್ಲಿರುವಂತೆ ಹೆಸರು ಮತ್ತು ಮನೆಯ ವಿಳಾಸವನ್ನು ಗುಂಪಿನಲ್ಲಿ ಹಾಕದೆ ನನಗೆ ಮಾತ್ರ ಭಾನುವಾರದೊಳಗೆ ಕಳುಹಿಸಿ. ನೋಟಿಸು ಜಿಲ್ಲಾಧಿಕಾರಿಗಳಿಗೂ ಸಂಬಂಧಿಸಿದ ಅಧಿಕಾರಿಯ ಕಚೇರಿಗೂ ಹೋಗುತ್ತದೆ. ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿ ಸಂಘದ ಕಡತದಲ್ಲಿರುತ್ತದೆ.